ಹೆಸರಾಂತ ತಾಣಗಳ ಎದುರು ನಿಂತಾಗ ನಿರಾಶೆಯಾಗುವುದು ಏಕೆ?

ಪ್ರಶ್ನೆ – ದಾರಿಹೋಕ

ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಮೋನಾಲೀಸಾ ಚಿತ್ರವನ್ನು ನೋಡಿದೆ ಎನ್ನುವುದಕ್ಕಿಂತ ಅದರ ಮುಂದೆ ಹಾದುಹೋದೆ ಎನ್ನುವುದೇ ಸರಿ. ಸುಮಾರು 77 ಸೆಂ.ಮೀ. ಎತ್ತರ, 53 ಸೆಂ.ಮೀ. ಅಗಲದ ಆ ಚಿತ್ರ ಗುಂಡು ತೂರದ ಗಾಜಿನ ಹಿಂದಿದೆ. ಜನ ಹತ್ತಿರ ಹೋಗದಂತೆ ಅಡ್ಡಗಟ್ಟೆ ಹಾಕಿದ್ದಾರೆ. ಆ ಮುಖವನ್ನು ನಾನು ಹೆಚ್ಚು ಹೊತ್ತು ಕಂಡದ್ದು ಮುಂದೆ ನಿಂತಿದ್ದವರ ಮೊಬೈಲ್ ಪರದೆಗಳಲ್ಲಿ. ಕೋಪನ್‌ಹೇಗನ್ನಿನ ಪುಟ್ಟ ಮತ್ಸ್ಯಕನ್ಯೆಯ ಪ್ರತಿಮೆಯ ಎದುರಿಗೂ ‘ಇಷ್ಟೇನಾ?’ ಎನಿಸಿತು. ಮುಂದೆ ಈಜಿಪ್ಟಿಗೆ ಹೋಗುವ ಯೋಚನೆಯಿದೆ. ಗೀಜಾದ ಪಿರಮಿಡ್ಡುಗಳೂ ಹೀಗೆಯೇ ನಿರಾಸೆ ಮಾಡುತ್ತವೆಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ – ಹಳೆಯ ನಕಾಶೆ

ತಾವು ಹೆಸರಿಸಿದ ಎರಡೂ ಗಾತ್ರದಿಂದ ಹೆಸರಾದವಲ್ಲ. 1911ರಲ್ಲಿ ಮೋನಾಲೀಸಾ ಕಳುವಾದಾಗ ಅದು ತೂಗುತ್ತಿದ್ದ ಖಾಲಿ ಜಾಗವನ್ನು ನೋಡುವುದಕ್ಕೂ ಜನ ಸೇರಿದ್ದರು. ಚಿತ್ರ ಮತ್ತೆ ಸಿಕ್ಕಿದ್ದು 1913ರಲ್ಲಿ. ಇಂದು ಮನೆಮನೆಗೆ ತಿಳಿದಿರುವ ಅದರ ಕೀರ್ತಿಯಲ್ಲಿ ಆ ಸುದ್ದಿಯ ಪಾಲು ದೊಡ್ಡದು. ನನಗೆ ಬೇಸರ ತರುವುದು ಬೇರೆಯೇ ಸಂಗತಿ: ಅದೇ ಕೋಣೆಯ ಎದುರುಗೋಡೆಯಲ್ಲಿ ವೆರೊನೀಸ್ ಬರೆದ ‘ಕಾನಾದ ಮದುವೆ’ ಇದೆ, ಅಗಲವೇ ಹತ್ತಿರಹತ್ತಿರ 10 ಮೀಟರ್. ಊಟದ ಪಂಕ್ತಿ, ವಾದ್ಯಗಾರರು, ನಾಯಿಗಳು ಎಂದು ಅರ್ಧ ಗಂಟೆ ನೋಡಿದರೂ ಮುಗಿಯದ ಆ ಚಿತ್ರಕ್ಕೆ ಬೆನ್ನು ಹಾಕಿಯೇ ಎಲ್ಲರೂ ಸರದಿಯಲ್ಲಿ ನಿಂತಿರುತ್ತಾರೆ.

ಮತ್ಸ್ಯಕನ್ಯೆಯ ಮಾತು ಇನ್ನೂ ಸರಳ. 1913ರಲ್ಲಿ ನಿಲ್ಲಿಸಿದ ಆ ಪ್ರತಿಮೆಯ ಎತ್ತರ ಸುಮಾರು 1.25 ಮೀಟರ್ ಮಾತ್ರ. ಛಾಯಾಗ್ರಾಹಕರು ತಗ್ಗಿನಿಂದ, ಹತ್ತಿರದಿಂದ ತೆಗೆಯುವುದರಿಂದ ಚಿತ್ರದಲ್ಲಿ ದೊಡ್ಡದಾಗಿ ಕಾಣುತ್ತದೆ.

ಉತ್ತರ – ಮಧ್ಯಾಹ್ನದ ರೈಲು

ಮೇಲಿನವರ ಮಾತನ್ನು ಪೂರ್ತಿಯಾಗಿ ಒಪ್ಪಲಾರೆ. ನೋಡುವವರ ನಿರೀಕ್ಷೆಯೇ ತಪ್ಪು ಎಂದು ಎಲ್ಲ ಕಡೆಯೂ ಹೇಳಲಾಗದು; ಕೆಲವು ಕಡೆ ನೋಡಲು ನಿಜಕ್ಕೂ ಏನೂ ಉಳಿದಿರುವುದಿಲ್ಲ. ಬ್ರಸೆಲ್ಸಿನ ಮನ್ನೆಕೆನ್ ಪಿಸ್ ಎಂಬ ಮೂತ್ರ ಮಾಡುವ ಬಾಲಕನ ಪ್ರತಿಮೆ ಅರ್ಧ ಮೀಟರಿಗಿಂತ ತುಸು ಹೆಚ್ಚು ಎತ್ತರವಿದೆ, ಅದೂ ಬೀದಿಯಲ್ಲಿರುವುದು ಪ್ರತಿಕೃತಿ. ಮೂಲ ಪ್ರತಿಮೆ ನಗರದ ಸಂಗ್ರಹಾಲಯದಲ್ಲಿದೆ. ಅದಕ್ಕಾಗಿಯೇ ಹೋದವರು ಸಿಟ್ಟಾದರೆ ನಾನು ಅವರ ಪಕ್ಷ. ಆದರೆ ಆ ಸಂಗ್ರಹಾಲಯವಿರುವ ಗ್ರಾಂಡ್ ಪ್ಲಾಸ್ ಚೌಕ ಅಲ್ಲಿಂದ ಕೆಲವೇ ನಿಮಿಷದ ನಡಿಗೆಯಲ್ಲಿದ್ದು, ಅಲ್ಲಿನ ಕಟ್ಟಡಗಳ ಮುಖಗಳನ್ನು ಕತ್ತೆತ್ತಿ ನೋಡುತ್ತ ನಿಂತರೆ ಸಮಯ ಹೋದದ್ದೇ ತಿಳಿಯುವುದಿಲ್ಲ.

ಗೀಜಾಗೆ ಖಂಡಿತ ಹೋಗಿ. ಫೋಟೊಗಳಲ್ಲಿ ಸುತ್ತಲೂ ಮರಳುಗಾಡೇ ಕಾಣುತ್ತದೆ, ಆದರೆ ಕ್ಯಾಮೆರಾ ತಿರುಗಿಸಿದರೆ ನಗರದ ಕಟ್ಟಡಗಳು ಪ್ರಸ್ಥಭೂಮಿಯ ಅಂಚಿನವರೆಗೂ ಬಂದಿವೆ. ಒಂಟೆ ಸವಾರಿಗೆ ಕರೆಯುವವರ ಕಾಟವೂ ಉಂಟು. ಆದರೂ ಅಲ್ಲಿನ ಎಲ್ಲಕ್ಕಿಂತ ದೊಡ್ಡದಾದ, ಖುಫು ದೊರೆಯ ಪಿರಮಿಡ್ಡಿನ ಬುಡಕ್ಕೆ ಹೋಗಿ ಒಂದು ಕಲ್ಲಿನ ಪಕ್ಕದಲ್ಲಿ ನಿಂತು ಮೇಲೆ ನೋಡಿದಾಗ, ಸುಮಾರು 138 ಮೀಟರ್ ಎಂಬ ಅಂಕಿ ಏನೆಂದು ಮೈಗೆ ತಿಳಿಯುತ್ತದೆ. ಅದನ್ನು ಯಾವ ಫೋಟೊವೂ ಮೊದಲೇ ತೋರಿಸಿಬಿಡಲಾರದು.

ಪ್ರಶ್ನೆ ಕೇಳಿದವರು – ದಾರಿಹೋಕ

ಇಬ್ಬರಿಗೂ ಧನ್ಯವಾದಗಳು. ಎದುರುಗೋಡೆಯ ಚಿತ್ರವನ್ನು ನಾನು ತಿರುಗಿಯೂ ನೋಡಲಿಲ್ಲ. ಗೀಜಾದ ಗದ್ದಲವಿಲ್ಲದೆ ಪಿರಮಿಡ್ ನೋಡುವ ದಾರಿ ಬೇರೆ ಇದೆಯೇ?

ಉತ್ತರ – ಹಳೆಯ ನಕಾಶೆ

ಇದೆ. ಗೀಜಾದ ದಕ್ಷಿಣಕ್ಕೆ ಸಕ್ಕಾರಾ, ಅದಕ್ಕೂ ಆಚೆ ದಹಶೂರ್. ಕಾರು ಗೊತ್ತುಮಾಡಿಕೊಂಡರೆ ಎರಡನ್ನೂ ಒಂದೇ ದಿನ ನೋಡಬಹುದು. ಸಕ್ಕಾರಾದಲ್ಲಿ ಜೋಸರ್ ದೊರೆಯ ಮೆಟ್ಟಿಲು ಪಿರಮಿಡ್ ಇದೆ. ದಹಶೂರಿನ ಕೆಂಪು ಪಿರಮಿಡ್ಡನ್ನು ಖುಫುವಿನ ತಂದೆ ಸ್ನೆಫೆರು ಕಟ್ಟಿಸಿದ್ದು, ಗೀಜಾಕ್ಕೆ ಹೋಲಿಸಿದರೆ ಅಲ್ಲಿ ಜನ ಬಹಳ ಕಡಿಮೆ. ಒಳಗೆ ಇಳಿಯಲೂ ಬಿಡುತ್ತಾರೆ, ಆದರೆ ಸುರಂಗ ತೀರ ತಗ್ಗಾಗಿರುವುದರಿಂದ ಉದ್ದಕ್ಕೂ ಬಾಗಿಕೊಂಡೇ ಇಳಿಯಬೇಕು. ಮೊಣಕಾಲು ನೋವಿರುವವರು ಹೊರಗಿನಿಂದ ನೋಡುವುದು ಒಳ್ಳೆಯದು.