ಭೂವಿಜ್ಞಾನದ ಎಂ.ಎಸ್ಸಿ. ಮುಗಿಸಿ ಗ್ರಹವಿಜ್ಞಾನಕ್ಕೆ ಹೋಗುವುದು ಹೇಗೆ? ಯಾವ ಸಮ್ಮೇಳನಗಳಿಗೆ ಹೋಗಬೇಕು?

ಕಪ್ಪುಮಣ್ಣು ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಉತ್ತರ ಕರ್ನಾಟಕದ ವಿಶ್ವವಿದ್ಯಾಲಯವೊಂದರಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ. ಗ್ರಹವಿಜ್ಞಾನದಲ್ಲಿ ಸಂಶೋಧನೆ ಮಾಡಬೇಕೆಂಬ ಆಸೆಯಿದೆ. ಆದರೆ ನಮ್ಮ ವಿಭಾಗದ ಅಧ್ಯಾಪಕರೆಲ್ಲರೂ ಅಂತರ್ಜಲ, ಅದಿರು ನಿಕ್ಷೇಪ ಮತ್ತು ದೂರಸಂವೇದಿಯಲ್ಲಿ ಕೆಲಸ ಮಾಡುವವರಾದ್ದರಿಂದ, ಈ ಕ್ಷೇತ್ರದ ಬಗ್ಗೆ ತಿಳಿಸಿಕೊಡುವವರು ಹತ್ತಿರದಲ್ಲಿ ಯಾರೂ ಇಲ್ಲ. ಗಣಿತ ಮತ್ತು ಭೌತವಿಜ್ಞಾನವನ್ನು ಬಿ.ಎಸ್ಸಿ.ಯವರೆಗೆ ಮಾತ್ರ ಓದಿರುವ ನನ್ನಂಥವರನ್ನು ಬಾಹ್ಯಾಕಾಶ ಇಲಾಖೆಯ ಸಂಸ್ಥೆಗಳು ಪಿಎಚ್‌.ಡಿ.ಗೆ ತೆಗೆದುಕೊಳ್ಳುತ್ತವೆಯೇ ಎಂಬುದು ನನ್ನ ಮೊದಲ ಸಂದೇಹ.

ಎರಡನೆಯದು ಸಮ್ಮೇಳನಗಳ ಕುರಿತದ್ದು. ಅಮೆರಿಕದ ಟೆಕ್ಸಾಸ್‌ನಲ್ಲಿ ಪ್ರತಿವರ್ಷ ನಡೆಯುವ ಚಂದ್ರ ಮತ್ತು ಗ್ರಹವಿಜ್ಞಾನ ಸಮ್ಮೇಳನದ ಹೆಸರನ್ನು ಕೇಳಿದ್ದೇನೆ, ಆದರೆ ಅಲ್ಲಿಗೆ ಹೋಗಿಬರುವ ಖರ್ಚು ನಮ್ಮ ಮನೆಯ ಶಕ್ತಿಗೆ ಮೀರಿದ್ದು. ಈ ನಡುವೆ ವಿದೇಶದ ಒಂದು ‘ಅಂತರರಾಷ್ಟ್ರೀಯ ಬಾಹ್ಯಾಕಾಶ ಸಮಾವೇಶ’ದಿಂದ ನನ್ನನ್ನು ಭಾಷಣಕಾರನೆಂದು ಆಹ್ವಾನಿಸುವ ಮಿಂಚಂಚೆ ಬಂದಿದ್ದು, ನೋಂದಣಿ ಶುಲ್ಕವನ್ನು ಡಾಲರ್ ಲೆಕ್ಕದಲ್ಲಿ ಕೇಳಿದ್ದಾರೆ. ಇದನ್ನು ನಂಬಬಹುದೇ?

ಕೊನೆಯದಾಗಿ, ಮುಂದಿನ ಸೆಮಿಸ್ಟರ್‌ನಲ್ಲಿ ನಾನು ಕಿರುಪ್ರಬಂಧವೊಂದನ್ನು ಬರೆಯಬೇಕಾಗಿದೆ. ಪ್ರಯೋಗಾಲಯದ ಸೌಲಭ್ಯ ಹೆಚ್ಚಿಲ್ಲದ ವಿಭಾಗದಲ್ಲಿ ಕುಳಿತು ಚಂದ್ರ ಅಥವಾ ಮಂಗಳದ ಮೇಲೆ ಹುರುಳಿರುವ ಕೆಲಸವನ್ನು ಮಾಡಲು ಸಾಧ್ಯವೇ?

ಸಾಬರಮತಿ_ದಂಡೆ ಅವರ ಉತ್ತರ

ನಾನು ಅಹಮದಾಬಾದಿನಲ್ಲಿದ್ದು ಉಲ್ಕಾಶಿಲೆಗಳ ಮೇಲೆ ಕೆಲಸ ಮಾಡುತ್ತೇನೆ. ನನ್ನ ಎಂ.ಎಸ್ಸಿ.ಯೂ ಭೂವಿಜ್ಞಾನದಲ್ಲೇ ಆದದ್ದು, ಹಾಗಾಗಿ ನಿಮ್ಮ ಮೊದಲ ಸಂದೇಹ ಅನಗತ್ಯವೆಂದು ಧೈರ್ಯವಾಗಿ ಹೇಳಬಲ್ಲೆ. ಸಿಎಸ್‌ಐಆರ್‌ನವರ ನೆಟ್ ಪರೀಕ್ಷೆಯಲ್ಲಿ ನೀವು ಬರೆಯಬೇಕಾದ ಪತ್ರಿಕೆಯ ಹೆಸರೇ ‘ಭೂಮಿ, ವಾತಾವರಣ, ಸಾಗರ ಮತ್ತು ಗ್ರಹ ವಿಜ್ಞಾನ’ ಎಂದಿದೆ. ಅದರಲ್ಲಿ ಅಥವಾ ಗೇಟ್‌ನ ಭೂವಿಜ್ಞಾನ ಪತ್ರಿಕೆಯಲ್ಲಿ ತೇರ್ಗಡೆಯಾದವರಿಗೆ ಇಲ್ಲಿನ ಭೌತ ಸಂಶೋಧನಾ ಪ್ರಯೋಗಾಲಯದ, ಅಂದರೆ ಪಿಆರ್‌ಎಲ್‌ನ, ಸಂದರ್ಶನದ ಬಾಗಿಲು ತೆರೆದಿರುತ್ತದೆ. ಹೆಸರಿನಲ್ಲಿ ‘ಭೌತ’ ಎಂದಿರುವುದನ್ನು ಕಂಡು ಹಿಂಜರಿಯುವ ಭೂವಿಜ್ಞಾನಿಗಳು ಬಹಳ. 1947ರಲ್ಲಿ ವಿಕ್ರಮ್ ಸಾರಾಭಾಯಿ ಅವರು ಸ್ಥಾಪಿಸಿದ, ನಮ್ಮ ಉಡುಪಿ ಕಡೆಯ ಯು. ಆರ್. ರಾವ್ ಅವರು ಪಿಎಚ್‌.ಡಿ. ಮಾಡಿದ ಈ ಸಂಸ್ಥೆಯಲ್ಲಿ ಗ್ರಹವಿಜ್ಞಾನಕ್ಕೇ ಪ್ರತ್ಯೇಕ ವಿಭಾಗವಿದ್ದು, ಅಲ್ಲಿ ಉಲ್ಕಾಶಿಲೆಗಳ ರಸಾಯನದಿಂದ ಹಿಡಿದು ಗ್ರಹಗಳ ಮೇಲ್ಮೈ ಅಧ್ಯಯನದವರೆಗೆ ಕೆಲಸ ನಡೆಯುತ್ತದೆ.

ಭೂವಿಜ್ಞಾನಿಯ ಅಗತ್ಯ ಏಕೆಂಬುದಕ್ಕೆ ಒಂದು ಉದಾಹರಣೆ ಸಾಕು. ಚಂದ್ರಯಾನ-3ರ ಪ್ರಜ್ಞಾನ್ ರೋವರ್‌ನಲ್ಲಿದ್ದ, ಇಲ್ಲಿಯೇ ತಯಾರಾದ ಆಲ್ಫಾ ಕಣ ಎಕ್ಸ್‌-ಕಿರಣ ರೋಹಿತಮಾಪಕವು ಸುಮಾರು 103 ಮೀಟರ್ ಹಾದಿಯಲ್ಲಿ 23 ಕಡೆ ಮಣ್ಣನ್ನು ಅಳೆಯಿತು. ಉಪಕರಣ ಹೇಳುವುದು ಅಲ್ಯೂಮಿನಿಯಂ ಎಷ್ಟು, ಕ್ಯಾಲ್ಸಿಯಂ ಎಷ್ಟು, ಕಬ್ಬಿಣ ಎಷ್ಟು ಎಂಬ ಪ್ರಮಾಣಗಳನ್ನು ಮಾತ್ರ. ಆ ಪ್ರಮಾಣಗಳು ಕಬ್ಬಿಣಯುಕ್ತ ಅನಾರ್ಥೋಸೈಟ್ ಶಿಲೆಯನ್ನು ಸೂಚಿಸುತ್ತವೆ, ಅದು ಚಂದ್ರ ಹುಟ್ಟಿದ ಹೊಸತರಲ್ಲಿ ಅದರ ಮೇಲ್ಮೈಯನ್ನು ಆವರಿಸಿದ್ದ ಶಿಲಾದ್ರವದ ಕಡಲಿನ ಕಲ್ಪನೆಗೆ ಹೊಂದುತ್ತದೆ ಎಂದು ಓದಿ ಹೇಳಬೇಕಾದರೆ ಶಿಲಾಶಾಸ್ತ್ರ ಬಲ್ಲವರೇ ಬೇಕು. 2024ರ ಆಗಸ್ಟ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಆ ಲೇಖನವನ್ನು ಒಮ್ಮೆ ಓದಿನೋಡಿ. ಅದರಲ್ಲಿರುವ ಅರ್ಧದಷ್ಟು ಪದಗಳು ನಿಮಗೆ ಎರಡನೆಯ ಸೆಮಿಸ್ಟರ್‌ನಿಂದಲೇ ಪರಿಚಿತವಾಗಿರುತ್ತವೆ.

ಇನ್ನು ಕಿರುಪ್ರಬಂಧದ ಮಾತು. ನಿಮಗೆ ಬೇಕಾದ ದತ್ತಾಂಶ ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿರುವ ಇಸ್ರೋ ದತ್ತಾಂಶ ಕೇಂದ್ರದಲ್ಲಿದೆ, ಅದರ ‘ಪ್ರದಾನ್’ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಚಂದ್ರಯಾನ-2ರ ಚಿತ್ರಗಳೂ ರೋಹಿತಗಳೂ (ಬೆಳಕನ್ನು ತರಂಗಾಂತರವಾರು ಬಿಡಿಸಿದ ಅಳತೆಗಳೂ) ಉಚಿತವಾಗಿ ಸಿಗುತ್ತವೆ. ಆದರೂ ಮೊದಲ ಕೆಲಸಕ್ಕೆ ಚಂದ್ರಯಾನ-2ರ ಅವಕೆಂಪು ರೋಹಿತಮಾಪಕದ ದತ್ತಾಂಶವನ್ನು ಆಯ್ದುಕೊಳ್ಳಬೇಡಿ ಎಂಬುದು ನನ್ನ ಸಲಹೆ. ಅದು 5 ಮೈಕ್ರಾನ್ ತರಂಗಾಂತರದವರೆಗಿನ ಬೆಳಕನ್ನು ನೋಡುವುದರಿಂದ, ಚಂದ್ರನ ನೆಲ ತಾನೇ ಹೊರಸೂಸುವ ಶಾಖವನ್ನು ರೋಹಿತದಿಂದ ಕಳೆಯಬೇಕಾಗುತ್ತದೆ, ಆ ತಿದ್ದುಪಡಿಯಲ್ಲಿಯೇ ನಿಮ್ಮ ಸೆಮಿಸ್ಟರ್ ಕಳೆದುಹೋಗುತ್ತದೆ. ಚಂದ್ರಯಾನ-1ರಲ್ಲಿ ಹೋಗಿದ್ದ ನಾಸಾದ ಎಂ-ಕ್ಯೂಬ್ ಉಪಕರಣ 3 ಮೈಕ್ರಾನ್‌ವರೆಗೆ ಮಾತ್ರ ನೋಡಿತ್ತು. ಅದರ ದತ್ತಾಂಶವನ್ನು ಶಾಖದ ತಿದ್ದುಪಡಿ ಮಾಡಿಯೇ ನಾಸಾದ ಗ್ರಹ ದತ್ತಾಂಶ ಭಂಡಾರದಲ್ಲಿ ಇಟ್ಟಿದ್ದಾರೆ. ಒಂದೇ ಒಂದು ಕುಳಿಯ ನಡುಶಿಖರವನ್ನು ಆಯ್ದುಕೊಂಡು, 1 ಮತ್ತು 2 ಮೈಕ್ರಾನ್ ಸುತ್ತಲಿನ ಹೀರಿಕೆಯ ಪಟ್ಟಿಗಳಿಂದ (ಖನಿಜಗಳು ಬೆಳಕನ್ನು ಹೀರಿಕೊಳ್ಳುವ ತರಂಗಾಂತರಗಳಿಂದ) ಪೈರಾಕ್ಸೀನ್ ಖನಿಜ ಎಲ್ಲಿದೆ, 2 ಮೈಕ್ರಾನ್‌ನ ಪಟ್ಟಿಯಿಲ್ಲದ ಒಲಿವೀನ್ ಖನಿಜ ಎಲ್ಲಿದೆ ಎಂಬ ನಕ್ಷೆ ತಯಾರಿಸಿ. ಕೋಪರ್ನಿಕಸ್ ಕುಳಿಯ ನಡುಶಿಖರದಲ್ಲಿ ಒಲಿವೀನ್ ಇದೆ ಎಂಬುದನ್ನು 1982ರಲ್ಲಿ ಭೂಮಿಯ ಮೇಲಿನ ದೂರದರ್ಶಕದಿಂದಲೇ ಕಂಡುಹಿಡಿದಿದ್ದರು. ನಿಮ್ಮ ವಿಧಾನ ಅದನ್ನು ಮತ್ತೆ ತೋರಿಸಿಕೊಟ್ಟರೆ, ಹೆಚ್ಚು ಅಧ್ಯಯನವಾಗಿರದ ಬೇರೊಂದು ಕುಳಿಗೆ ಅದನ್ನೇ ಧೈರ್ಯವಾಗಿ ಅನ್ವಯಿಸಬಹುದು. ಇದಕ್ಕೆ ದುಬಾರಿ ತಂತ್ರಾಂಶವೇನೂ ಬೇಡ, ನಕ್ಷೆ ತಯಾರಿಸುವ ಉಚಿತ ತಂತ್ರಾಂಶ ಕ್ಯೂಜಿಐಎಸ್ ಮತ್ತು ಸ್ವಲ್ಪ ಪೈಥಾನ್ ಇದ್ದರೆ ಸಾಕು.

ಗಟ್ಟಿಂಗನ್_ಕನ್ನಡಿಗ ಅವರ ಉತ್ತರ

ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ನಾನು ಜರ್ಮನಿಯಿಂದ ಬರೆಯುತ್ತಿರುವುದರಿಂದ ಹೊರದೇಶಗಳ ವಿಷಯವನ್ನು ಸೇರಿಸುತ್ತೇನೆ.

ಟೆಕ್ಸಾಸ್‌ನ ಸಮ್ಮೇಳನ ಶುರುವಾದದ್ದು 1970ರ ಜನವರಿಯಲ್ಲಿ, ಅಪೋಲೋ 11 ತಂದ ಕಲ್ಲುಮಣ್ಣುಗಳ ಫಲಿತಾಂಶಗಳನ್ನು ಹೂಸ್ಟನ್‌ನಲ್ಲಿ ಮೊದಲ ಬಾರಿಗೆ ಮುಂದಿಡುವುದಕ್ಕಾಗಿ. ಈಗ ಅದು ಮಾರ್ಚ್ ತಿಂಗಳಲ್ಲಿ ಹೂಸ್ಟನ್ ಸಮೀಪದ ವುಡ್‌ಲ್ಯಾಂಡ್ಸ್ ಎಂಬಲ್ಲಿ ನಡೆಯುತ್ತದೆ. ಅದರ ವಿಶೇಷವೆಂದರೆ ಎರಡು ಪುಟಗಳ ಸಾರಲೇಖ. ಬೇರೆ ಸಮ್ಮೇಳನಗಳಲ್ಲಿ ಒಂದು ಪ್ಯಾರಾದಲ್ಲಿ ಆಶಯವನ್ನು ಹೇಳಿ ಪಾರಾಗಬಹುದು, ಇಲ್ಲಿ ಚಿತ್ರ, ವಿಧಾನ, ಫಲಿತಾಂಶ ಎಲ್ಲವೂ ಎರಡು ಪುಟಗಳಲ್ಲಿ ಇರಲೇಬೇಕು. ಹಳೆಯ ಸಾರಲೇಖಗಳೆಲ್ಲವನ್ನೂ ಹೂಸ್ಟನ್‌ನ ಚಂದ್ರ ಮತ್ತು ಗ್ರಹ ಸಂಸ್ಥೆಯ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ಆದ್ದರಿಂದ ವಿಮಾನದ ಖರ್ಚಿನ ಚಿಂತೆಯನ್ನು ಬದಿಗಿಟ್ಟು, ನಿಮ್ಮ ವಿಷಯಕ್ಕೆ ಹತ್ತಿರವಾದ ಇಪ್ಪತ್ತು ಸಾರಲೇಖಗಳನ್ನು ಓದಿ. ಒಬ್ಬ ವಿದ್ಯಾರ್ಥಿ ಒಂದು ವರ್ಷದಲ್ಲಿ ಎಷ್ಟು ದೊಡ್ಡ ಪ್ರಶ್ನೆಗೆ ಕೈಹಾಕಬಹುದು ಎಂಬ ಅಂದಾಜು ಯಾವ ಪಠ್ಯಪುಸ್ತಕದಿಂದಲೂ ಸಿಗುವುದಿಲ್ಲ, ಇವುಗಳಿಂದ ಸಿಗುತ್ತದೆ. ಸಾರಲೇಖ ಕಳಿಸಲು ಜನವರಿಯ ಆರಂಭದಲ್ಲೇ ಗಡುವು ಮುಗಿಯುವುದರಿಂದ, ದೀಪಾವಳಿಯ ಹೊತ್ತಿಗೆ ನಿಮ್ಮ ಮುಖ್ಯ ಚಿತ್ರವಾದರೂ ಸಿದ್ಧವಿರಬೇಕು.

ಯೂರೋಪಿನಲ್ಲಿ ಇದಕ್ಕೆ ಸಮನಾದದ್ದು ಸೆಪ್ಟೆಂಬರ್ ಸುಮಾರಿಗೆ ನಡೆಯುವ ಯೂರೋಪ್ಲಾನೆಟ್ ಸಮಾವೇಶ. 2025ರಲ್ಲಿ ಅದು ಅಮೆರಿಕದ ಖಗೋಳ ಸಂಘದ ಗ್ರಹವಿಜ್ಞಾನ ವಿಭಾಗದ ಸಭೆಯೊಂದಿಗೆ ಸೇರಿ ಹೆಲ್ಸಿಂಕಿಯಲ್ಲಿ ನಡೆಯಿತು. ಏಷ್ಯಾದಲ್ಲಿಯೇ ಇರಬೇಕೆಂದರೆ ಏಷ್ಯಾ ಓಷಿಯಾನಿಯಾ ಭೂವಿಜ್ಞಾನ ಸಂಘದ ವಾರ್ಷಿಕ ಸಭೆಯಲ್ಲಿ ಗ್ರಹವಿಜ್ಞಾನದ ಗೋಷ್ಠಿಗಳಿರುತ್ತವೆ.

ಪಿಎಚ್‌.ಡಿ. ವಿಷಯಕ್ಕೆ ಬಂದರೆ, ಇಲ್ಲಿನ ಮ್ಯಾಕ್ಸ್ ಪ್ಲಾಂಕ್ ಸೌರಮಂಡಲ ಸಂಶೋಧನಾ ಸಂಸ್ಥೆಗೆ ಭಾರತದೊಂದಿಗೆ ಹಳೆಯ ನಂಟಿದೆ. ಚಂದ್ರಯಾನ-1ರಲ್ಲಿದ್ದ ಸರ್-2 ರೋಹಿತಮಾಪಕ ಇವರದೇ. ಸಂಸ್ಥೆಯ ಸಂಶೋಧನಾ ಶಾಲೆ ವರ್ಷಕ್ಕೊಮ್ಮೆ ಅರ್ಜಿ ಕರೆಯುತ್ತದೆ, ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ, ಮತ್ತು ಆಯ್ಕೆಯಾದವರಿಗೆ ಜೀವನಕ್ಕೆ ಸಾಲುವಷ್ಟು ಹಣ ಬರುತ್ತದೆ. ಅರ್ಜಿಯಲ್ಲಿ ಅಂಕಪಟ್ಟಿಗಿಂತ ನೀವೇ ಮಾಡಿದ ಒಂದು ಸಣ್ಣ ಕೆಲಸಕ್ಕೆ ಬೆಲೆ ಜಾಸ್ತಿ ಎಂಬುದು ಇಲ್ಲಿನ ಸಹೋದ್ಯೋಗಿಗಳ ಆಯ್ಕೆಗಳನ್ನು ನೋಡಿ ನನಗೆ ಅನಿಸಿದ್ದು.

ಒಂದು ಎಚ್ಚರಿಕೆ: ಕುಳಿಗಳನ್ನು ಎಣಿಸಿ ಮೇಲ್ಮೈಯ ವಯಸ್ಸು ಹೇಳುವ ಕೆಲಸ ನೋಡಲು ಸುಲಭವೆಂದು ಬಹಳ ವಿದ್ಯಾರ್ಥಿಗಳು ಅದನ್ನೇ ಹಿಡಿಯುತ್ತಾರೆ. ದೊಡ್ಡ ಕುಳಿಯೊಂದು ಉಂಟಾದಾಗ ಎರಚಿಹೋದ ಕಲ್ಲುಗಳಿಂದ ಆಗುವ ಉಪಕುಳಿಗಳನ್ನು ಬೇರ್ಪಡಿಸದೆ ಎಣಿಸಿದರೆ ಮೇಲ್ಮೈ ನಿಜಕ್ಕಿಂತ ಹಳೆಯದೆಂದು ಕಾಣುತ್ತದೆ. ಮಾರ್ಗದರ್ಶನವಿಲ್ಲದೆ ಅದಕ್ಕೆ ಇಳಿಯಬೇಡಿ.

ಕಪ್ಪುಮಣ್ಣು

ಇಬ್ಬರಿಗೂ ತುಂಬಾ ಕೃತಜ್ಞತೆಗಳು. ನಡುಶಿಖರದ ಕೆಲಸ ನನ್ನ ಕೈಗೆ ಎಟುಕುವಂತೆ ಕಾಣುತ್ತಿದೆ. ಆದರೂ ನಾನು ಬೆಳೆದದ್ದು ದಖನ್ ಬಸಾಲ್ಟ್, ಅಂದರೆ ಲಾವಾ ಗಟ್ಟಿಯಾಗಿ ಆದ ಕಪ್ಪು ಶಿಲೆಯ, ನೆಲದ ಮೇಲೆ. ಮಹಾರಾಷ್ಟ್ರದ ಲೋನಾರ್ ಕುಳಿ ನಮ್ಮಿಂದ ತೀರಾ ದೂರವೇನಲ್ಲ. ಚಂದ್ರನ ಕಪ್ಪು ಬಯಲುಗಳೂ ಬಸಾಲ್ಟ್ ಆಗಿರುವಾಗ, ಲೋನಾರ್‌ನಿಂದ ಕಲ್ಲು ತಂದು ಹೋಲಿಸುವುದು ಇನ್ನೂ ಉತ್ತಮವಲ್ಲವೇ? ಹಾಗೆಯೇ, ಪರಿಚಯವಿಲ್ಲದ ವಿಜ್ಞಾನಿಗಳಿಗೆ ಪತ್ರ ಬರೆಯುವುದು ಹೇಗೆಂದು ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಉಪನ್ಯಾಸಕಿ_ಮೈಸೂರು ಅವರ ಉತ್ತರ

ಆಹ್ವಾನದ ಮಿಂಚಂಚೆಯ ಬಗ್ಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಅದರಿಂದಲೇ ಆರಂಭಿಸುತ್ತೇನೆ. ಹಣ ಕಟ್ಟಬೇಡಿ. ಇನ್ನೂ ಒಂದು ಪ್ರಬಂಧವನ್ನೂ ಪ್ರಕಟಿಸಿರದ ವಿದ್ಯಾರ್ಥಿಯನ್ನು ಭಾಷಣಕ್ಕೆ ಕರೆದು ಅವನಿಂದಲೇ ಶುಲ್ಕ ಕೇಳುವ ಸಮಾವೇಶದ ಉದ್ದೇಶ ವಿಜ್ಞಾನವಲ್ಲ. ಇಂಥವುಗಳಲ್ಲಿ ಸಾಮಾನ್ಯವಾಗಿ ಖಗೋಳ, ದಂತವೈದ್ಯ, ನ್ಯಾನೋ ತಂತ್ರಜ್ಞಾನ ಎಲ್ಲವೂ ಒಂದೇ ಸಂಘಟಕರ ಪಟ್ಟಿಯಲ್ಲಿರುತ್ತವೆ, ಕಾರ್ಯಕ್ರಮ ಸಮಿತಿಯಲ್ಲಿ ಯಾರಿದ್ದಾರೆಂಬುದು ಸ್ಪಷ್ಟವಿರುವುದಿಲ್ಲ, ಹಿಂದಿನ ವರ್ಷದ ಸಾರಲೇಖಗಳು ಎಲ್ಲಿಯೂ ಸಿಗುವುದಿಲ್ಲ. ಈ ಕೊನೆಯ ಪರೀಕ್ಷೆಯೊಂದನ್ನೇ ಮಾಡಿದರೂ ಸಾಕು.

ಗಟ್ಟಿಂಗನ್‌ನ ಮಿತ್ರರು ಮೊದಲು ಕೆಲಸ, ಆಮೇಲೆ ಸಮ್ಮೇಳನ ಎಂಬಂತೆ ಬರೆದಿದ್ದಾರೆ. ವಿದೇಶದ ಸಮ್ಮೇಳನಗಳ ಮಟ್ಟಿಗೆ ಅದು ಸರಿ, ನಮ್ಮ ದೇಶದೊಳಗಿನವುಗಳ ಮಟ್ಟಿಗೆ ನಾನು ಒಪ್ಪುವುದಿಲ್ಲ. ಪಿಆರ್‌ಎಲ್ ನಡೆಸುವ ಭಾರತೀಯ ಗ್ರಹವಿಜ್ಞಾನ ಸಮ್ಮೇಳನಕ್ಕೆ ಕೇಳುಗರಾಗಿ ಹೋದರೂ ಲಾಭವಿದೆ, ಏಕೆಂದರೆ ಈ ದೇಶದಲ್ಲಿ ಈ ವಿಷಯದ ಮೇಲೆ ಕೆಲಸ ಮಾಡುವವರಲ್ಲಿ ಬಹುಮಂದಿ ಅಲ್ಲಿ ಒಂದೇ ಸೂರಿನಡಿ ಇರುತ್ತಾರೆ. ಮುಂದೆ ಯಾರ ಬಳಿ ಪಿಎಚ್‌.ಡಿ. ಮಾಡಬೇಕೆಂದಿದ್ದೀರೋ ಅವರ ವಿದ್ಯಾರ್ಥಿಗಳೊಂದಿಗೆ ಪೋಸ್ಟರ್‌ಗಳ ಮುಂದೆ ನಿಂತು ಅರ್ಧ ಗಂಟೆ ಮಾತನಾಡಿದರೆ, ಆ ಗುಂಪಿನಲ್ಲಿ ಕೆಲಸ ಹೇಗೆ ನಡೆಯುತ್ತದೆ, ಮಾರ್ಗದರ್ಶಕರು ಸಮಯ ಕೊಡುತ್ತಾರೆಯೇ ಎಂಬುದೆಲ್ಲ ತಿಳಿಯುತ್ತದೆ. ಜಾಲತಾಣದಲ್ಲಿ ಅದನ್ನು ಯಾರೂ ಬರೆದಿರುವುದಿಲ್ಲ.

ದೊಡ್ಡ ಸಮ್ಮೇಳನಗಳು ಕೆಲವೊಮ್ಮೆ ನಮ್ಮ ಬಾಗಿಲಿಗೂ ಬರುತ್ತವೆ. ಬಾಹ್ಯಾಕಾಶ ಸಂಶೋಧನೆಯ ಅಂತರರಾಷ್ಟ್ರೀಯ ಸಮಿತಿಯಾದ ಕೋಸ್ಪಾರ್‌ನ ಮಹಾಸಭೆ 1979ರಲ್ಲಿ ಬೆಂಗಳೂರಿನಲ್ಲಿಯೂ 2012ರ ಜುಲೈನಲ್ಲಿ ನಮ್ಮ ಮೈಸೂರಿನಲ್ಲಿಯೂ ನಡೆದಿತ್ತು. ಆಗ ನಗರದ ಎಷ್ಟು ಕಾಲೇಜುಗಳು ತಮ್ಮ ವಿದ್ಯಾರ್ಥಿಗಳನ್ನು ಅಲ್ಲಿಗೆ ಕಳಿಸಿದವು ಎಂದು ಕೇಳಿದರೆ ಉತ್ತರ ಹೆಮ್ಮೆಯದ್ದಾಗಿರಲಾರದು. ಅದೇ ಕೋಸ್ಪಾರ್ ಅಭಿವೃದ್ಧಿಶೀಲ ದೇಶಗಳ ಯುವ ಸಂಶೋಧಕರಿಗೆಂದು ನಿಜವಾದ ನೌಕೆಗಳ ದತ್ತಾಂಶವನ್ನು ಬಳಸಲು ಕಲಿಸುವ ಕಾರ್ಯಾಗಾರಗಳನ್ನು ನಡೆಸುತ್ತದೆ. ಪಿಎಚ್‌.ಡಿ.ಗೆ ಸೇರಿದ ಮೇಲೆ ಅವುಗಳ ಮೇಲೆ ಕಣ್ಣಿಡಿ. ನಿಮ್ಮ ಕಿರಿಯರಿಗೆ, ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ಬಗ್ಗೆಯೂ ತಿಳಿಸಿ. ಇನ್ನು, ವಿಶ್ವವಿದ್ಯಾಲಯಕ್ಕೆ ಪ್ರಥಮ ಸ್ಥಾನ ಬಂದರೆ ಕೇಂದ್ರದ ಇನ್‌ಸ್ಪೈರ್ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು ಎಂಬುದು ರಾಜ್ಯದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಲ್ಲಿ ಹಲವರಿಗೆ ಫಲಿತಾಂಶ ಬಂದ ಮೇಲೂ ಗೊತ್ತಿರುವುದಿಲ್ಲ.

ಸಾಬರಮತಿ_ದಂಡೆ

ಮೇಡಂ ಹೇಳಿದ್ದು ಸರಿ, ದೇಶದೊಳಗಿನ ಸಮ್ಮೇಳನಕ್ಕೆ ಬರಿಗೈಯಲ್ಲಿ ಬಂದರೂ ನಷ್ಟವಿಲ್ಲ.

ಲೋನಾರ್ ಬಗ್ಗೆ: ಬಸಾಲ್ಟ್ ಶಿಲೆಯ ಮೇಲೆಯೇ ಅಪ್ಪಳಿಕೆಯಿಂದ ಉಂಟಾದ ಕುಳಿಗಳು ಭೂಮಿಯಲ್ಲಿ ಬಹಳ ವಿರಳ, ಹಾಗಾಗಿ ಸುಮಾರು 1.8 ಕಿ.ಮೀ. ವ್ಯಾಸದ ಈ ಕುಳಿಯ ಮಹತ್ವ ದೊಡ್ಡದು. ಅದರ ವಯಸ್ಸನ್ನು ಹಿಂದೆ ಸುಮಾರು 50 ಸಾವಿರ ವರ್ಷ ಎಂದುಕೊಂಡಿದ್ದರು, 2011ರಲ್ಲಿ ಪ್ರಕಟವಾದ ಆರ್ಗಾನ್ ವಿಧಾನದ ಅಳತೆ ಅದನ್ನು ಸುಮಾರು 5.7 ಲಕ್ಷ ವರ್ಷಕ್ಕೆ ಏರಿಸಿತು. ಆದರೆ ಅಲ್ಲಿನ ಕಲ್ಲುಗಳ ಮೇಲೆ ಐದು ದಶಕಗಳಿಂದ ಕೆಲಸ ನಡೆದಿರುವುದರಿಂದ ಒಂದು ಸೆಮಿಸ್ಟರ್‌ನಲ್ಲಿ ಹೊಸದನ್ನು ಹೇಳುವುದು ಕಷ್ಟ. ಅಲ್ಲದೆ ಅದು ವನ್ಯಧಾಮವೂ ರಾಮ್ಸಾರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೂ) ಆಗಿರುವುದರಿಂದ ಅನುಮತಿಯಿಲ್ಲದೆ ಒಂದು ಕಲ್ಲನ್ನೂ ತರುವಂತಿಲ್ಲ. ಅಲ್ಲಿಗೆ ಹೋಗಿ, ಕುಳಿಯ ಅಂಚಿನಲ್ಲಿ ಪದರಗಳು ಮೇಲಕ್ಕೆ ಮಗುಚಿಕೊಂಡಿರುವುದನ್ನು ಕಣ್ಣಾರೆ ನೋಡಿ ಬನ್ನಿ. ಕಿರುಪ್ರಬಂಧಕ್ಕೆ ಚಂದ್ರನ ಕುಳಿಯನ್ನೇ ಇಟ್ಟುಕೊಳ್ಳಿ.

ಪತ್ರದ ಬಗ್ಗೆ: ನಿಮ್ಮ ಬಾಲ್ಯದ ಕನಸನ್ನು ಬರೆಯಬೇಡಿ, ಅಂಥ ಪತ್ರಗಳು ವಾರಕ್ಕೆ ಹಲವು ಬರುತ್ತವೆ. ನೀವು ಯಾರು, ಅವರ ಯಾವ ಲೇಖನವನ್ನು ಓದಿದ್ದೀರಿ, ಅದರ ಯಾವ ಭಾಗ ನಿಮ್ಮ ಕೆಲಸಕ್ಕೆ ಸಂಬಂಧಿಸಿದೆ ಎಂಬುದನ್ನು ಆರೇಳು ವಾಕ್ಯಗಳಲ್ಲಿ ಹೇಳಿ, ನೀವೇ ತಯಾರಿಸಿದ ಒಂದು ನಕ್ಷೆಯನ್ನು ಲಗತ್ತಿಸಿ, ಉತ್ತರಿಸಲು ಸುಲಭವಾದ ಒಂದು ಪ್ರಶ್ನೆಯನ್ನು ಕೇಳಿ. ಶುಕ್ರ ಪರಿಭ್ರಮಣ ಯೋಜನೆಗೆ 2024ರ ಸೆಪ್ಟೆಂಬರ್‌ನಲ್ಲಿ ಸಂಪುಟದ ಒಪ್ಪಿಗೆ ಸಿಕ್ಕಿದ್ದು, ಉಡಾವಣೆಯ ಗುರಿ 2028ರ ಮಾರ್ಚ್. ಜ್ವಾಲಾಮುಖಿ ಶಿಲೆಗಳನ್ನು ಬಲ್ಲ ವಿದ್ಯಾರ್ಥಿಗಳು ಅದಕ್ಕೂ ಬೇಕಾಗುತ್ತಾರೆ, ಆಸಕ್ತಿಯಿದ್ದರೆ ಪತ್ರದಲ್ಲಿ ಒಂದು ಸಾಲು ಸೇರಿಸಿ. ಎರಡು ವಾರವಾದರೂ ಉತ್ತರ ಬಾರದಿದ್ದರೆ ಒಮ್ಮೆ ವಿನಯದಿಂದ ನೆನಪಿಸಿ. ಆದರೆ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಬರೆಯಬೇಡಿ, ಆಗ ಹೆಚ್ಚಿನವರು ಸಮ್ಮೇಳನಗಳ ತಯಾರಿಯಲ್ಲಿರುತ್ತಾರೆ.