ಟ್ಯಾಂಕ್ ದೊಡ್ಡದಾದ್ರೆ ಶವರ್ ಜೋರಾ?

ಭಾನುವಾರ ಬೆಳಿಗ್ಗೆ ಆರೂಕಾಲಿಗೆ ನಮ್ಮ ‘ಮೂಲಮನೆ ಬಳಗ’ ಗುಂಪಿಗೆ ಚಿಕ್ಕಪ್ಪನ ಫಾರ್ವರ್ಡ್ ಬಂತು. ‘ಶವರ್‌ನಲ್ಲಿ ನೀರು ಸಣ್ಣಗೆ ಬರ್ತಿದೆಯಾ? 500 ಲೀಟರ್ ಟ್ಯಾಂಕ್ ತೆಗೆದು 1000 ಲೀಟರ್‌ದು ಇಡಿ. ನೀರು ಡಬಲ್, ಒತ್ತಡ ಡಬಲ್! ಪ್ಲಂಬರ್‌ಗಳು ಹೇಳದ ಗುಟ್ಟು.’ ಕೆಳಗೆ ಚಿಕ್ಕಪ್ಪನ ಷರಾ: ‘ನಾನು ಮೊದಲೇ ಹೇಳಿದ್ದೆ.’

ಭಾವ ಸುಮ್ನಿರ್ತಾರಾ? ‘ಯಾರು ಬರೆದದ್ದು ಇದು? ಆಧಾರ ಏನು? ನೀರಿನ ಒತ್ತಡಕ್ಕೆ ಎತ್ತರ ಮುಖ್ಯ, ಎಷ್ಟು ಲೀಟರ್ ಅನ್ನೋದಲ್ಲ. 10 ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಹೆಚ್ಚುಕಮ್ಮಿ 1 ಕಿಲೋ ಒತ್ತುತ್ತೆ. ನಿಮ್ಮ ಶವರಿಂದ ಟ್ಯಾಂಕಿನ ನೀರು 2 ಮೀಟರ್ ಮೇಲಿದ್ರೆ 200 ಗ್ರಾಂ, ಅಷ್ಟೇ. ಟ್ಯಾಂಕು 500 ಇರಲಿ, 5000 ಇರಲಿ.’

‘ದೊಡ್ಡ ಟ್ಯಾಂಕು ಎತ್ತರಾನೂ ಇರುತ್ತಲ್ಲಪ್ಪ.’

‘ಒಂದಡಿ ಇರಬಹುದು. ಮೂವತ್ತು ಗ್ರಾಂ ಲಾಭ. ಸಂತೋಷ.’

ಆ ‘ಸಂತೋಷ’ ಚುಚ್ಚಿತು ಅಂತ ಕಾಣುತ್ತೆ. ಚಿಕ್ಕಪ್ಪ ಬರೆದದ್ದು ಹೀಗೆ, ಒಂದೇ ಉಸಿರಿನಲ್ಲಿ: ಎತ್ತರ ಎತ್ತರ ಅಂತ ನಾಲ್ಕು ಕಾಲಿನ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದ್ದು ನೀವೇ ಅಲ್ವಾ ಅಳಿಯಂದಿರೇ, ಆಮೇಲೆ ತಾರಸಿ ಬಿರುಕು ಬಿಟ್ಟು ದೇವರ ಕೋಣೆ ಸೋರಿದ್ದು ಯಾರ ಲೆಕ್ಕದಲ್ಲಿ, ರಿಪೇರಿಗೆ ಒಬ್ಬರಾದ್ರೂ ಪಾಲು ಕೊಟ್ರಾ?

ಐದು ನಿಮಿಷ ಗುಂಪು ತಣ್ಣಗಿತ್ತು. ಆಮೇಲೆ ದೊಡ್ಡಪ್ಪ ಬಂದರು. ಒಂದು ಹಂಡೆ ಬಿಸಿನೀರಲ್ಲಿ ಏಳು ಜನ ಮೀಯುತ್ತಿದ್ದೆವು, ಈಗಿನವರಿಗೆ ಒತ್ತಡ ಬೇಕಂತೆ, ದುಡ್ಡಿನ ಮಾತು ಹಿರಿಯರ ಎದುರು ಆಡಬಾರದು, ಇತ್ಯಾದಿ. ಸುಮಕ್ಕನಿಗೆ ಹಂಡೆ ಅನ್ನೋ ಪದ ಸಾಕಾಯಿತು. ಬಚ್ಚಲ ಒಲೆ, ಅಡಿಕೆ ಸಿಪ್ಪೆಯ ಹೊಗೆ, ಅಜ್ಜಿ ಬೆನ್ನಿಗೆ ಹಾಕುತ್ತಿದ್ದ ಸೀಗೆಪುಡಿ, ಒಟ್ಟು ಹನ್ನೊಂದು ಮೆಸೇಜು. ಒತ್ತಡದ ಕಥೆ ಅಲ್ಲಿಗೆ ಮುಗೀತು ಅಂದುಕೊಂಡೆ.

ಇಲ್ಲ, ಎಂಟನೇ ಕ್ಲಾಸಿನ ಪುಟ್ಟಿ ಅಮ್ಮನ ಫೋನಿಂದ ವಿಡಿಯೋ ಹಾಕಿದಳು. ಒಂದು ಸಣ್ಣ ಬಾಟಲಿ, ಪಕ್ಕದಲ್ಲಿ 20 ಲೀಟರಿನ ಕ್ಯಾನು. ಎರಡರಲ್ಲೂ ಒಂದೇ ಮಟ್ಟಕ್ಕೆ ನೀರು, ತಳದಿಂದ ಎರಡು ಬೆರಳು ಮೇಲೆ ಒಂದೇ ಮೊಳೆಯಿಂದ ತೂತು. ಎರಡೂ ಧಾರೆ ಒಂದೇ ಟೈಲ್ಸ್ ಗೆರೆ ಮೇಲೆ ಬಿದ್ದವು. ಕೆಳಗೆ ಬರೆದಿದ್ದಳು: ‘ನೀರಿನ ವಿಷಯದಲ್ಲಿ ಮಾಮ ಸರಿ. ಸ್ಟ್ಯಾಂಡ್ ವಿಷಯದಲ್ಲಿ ತಾತ ಸರಿ. ಅಲ್ಲಿ ಎತ್ತರ ಅಲ್ಲ, ಭಾರ ಎಷ್ಟು ಜಾಗದ ಮೇಲೆ ಕೂತಿದೆ ಅನ್ನೋದು ಲೆಕ್ಕ. 500 ಲೀಟರ್ ಅಂದ್ರೆ 500 ಕಿಲೋ. ತಾರಸಿ ಮೇಲೇ ಇಟ್ರೆ, ತಳ ಅರ್ಧ ಚದರ ಮೀಟರ್ ಇದ್ರೆ, ಚದರ ಸೆಂಟಿಮೀಟರಿಗೆ 100 ಗ್ರಾಂ. ಐದೈದು ಸೆಂಟಿಮೀಟರಿನ ನಾಲ್ಕು ಕಾಲಿನ ಮೇಲೆ ಇಟ್ರೆ 5 ಕಿಲೋ. ಕಾಲಿನ ಕೆಳಗೆ ಅಗಲವಾದ ಪ್ಲೇಟ್ ಇಡಬೇಕಿತ್ತು.’

ನನ್ನ ಪ್ರಕಾರ ಇಡೀ ದಿನದಲ್ಲಿ ಬಂದ ಕೆಲಸದ ಮಾತು ಇದೊಂದೇ. ಅತ್ತೆ ಉತ್ತರಿಸಿದರು: ‘ನೆಲ ಒರೆಸಿದ್ಯಾ?’ ಭಾವ ನೋಡಿದರು, ನೀಲಿ ಟಿಕ್ ಬಂತು, ಮಾತಿಲ್ಲ.

ಮುಂದಿನ ಭಾನುವಾರ ಚಿಕ್ಕಪ್ಪ ಫೋಟೋ ಹಾಕಿದರು. ತಾರಸಿ ಮೇಲೆ ಹೊಚ್ಚ ಹೊಸ 1000 ಲೀಟರ್ ಟ್ಯಾಂಕು, ಅರಿಶಿನ ಕುಂಕುಮ ಹಚ್ಚಿದ್ದಾರೆ. ದೊಡ್ಡದು ಮಾಡಿ ನೋಡಿದೆ. ಸ್ಟ್ಯಾಂಡ್ ಹಳೆಯದೇ.