ಭೇದಿ ನಿಂತಿದೆ, ಜಿಂಕ್ ಮಾತ್ರೆ ನಿಲ್ಲಿಸಬಹುದಾ?

ಲಗ್ಗೆರೆ ಅಮ್ಮ:
ಮಗನಿಗೆ ಒಂದು ವರ್ಷ ಎರಡು ತಿಂಗಳು. ಲೂಸ್ ಮೋಷನ್ ಆಗಿತ್ತು. ಆಶಾ ಅಕ್ಕ ಓಆರ್‌ಎಸ್ ಪ್ಯಾಕೆಟ್, ಜಿಂಕ್ ಮಾತ್ರೆ ಕೊಟ್ಟು 14 ದಿನ ಹಾಕಿ ಅಂದರು. ಈಗ ಭೇದಿ ನಿಂತಿದೆ. ಸುಮ್ನೆ ಯಾಕೆ ಮಾತ್ರೆ ಅಂತ ನಮ್ಮತ್ತೆ ಕೇಳುತ್ತಾರೆ. ಮತ್ತೆ ಬಂದರೆ ಓಆರ್‌ಎಸ್ ಅರ್ಧ ಪ್ಯಾಕೆಟ್ ಒಂದು ಲೋಟಕ್ಕೆ ಕಲಸಬಹುದಾ? ಅವನು ಕುಡಿಯೋದೇ ಸ್ವಲ್ಪ.

ಆಶಾ ಕಾರ್ಯಕರ್ತೆ, ಪೀಣ್ಯ ಕಡೆ:
ದಯವಿಟ್ಟು ನಿಲ್ಲಿಸಬೇಡಿ. ಜಿಂಕ್ ಬರೀ ಈ ಸಲದ ಭೇದಿಗಲ್ಲ. 14 ದಿನ ಪೂರ್ತಿ ಕೊಟ್ಟರೆ ಮುಂದಿನ ಎರಡು ಮೂರು ತಿಂಗಳು ಮತ್ತೆ ಭೇದಿ ಬರೋದು ಕಮ್ಮಿಯಾಗುತ್ತೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ. ಚಮಚದಲ್ಲಿ ಸ್ವಲ್ಪ ನೀರು ಹಾಕಿ ಮಾತ್ರೆ ಬಿಡಿ, ತಾನೇ ಕರಗುತ್ತೆ. ನಿಮ್ಮತ್ತೆಗೂ ಹೀಗೇ ಹೇಳಿ, ಅವರಿಗೂ ಮೊಮ್ಮಗನ ಚಿಂತೆ ತಾನೇ.

ಅರ್ಧ ಪ್ಯಾಕೆಟ್ ಲೋಟಕ್ಕೆ ಖಂಡಿತ ಬೇಡ. ಉಪ್ಪು ಜಾಸ್ತಿಯಾಗಿ ಮಗುವಿಗೆ ಅಪಾಯ. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್‌ಗೆ. ನಾನು ಯಾವ ಮನೆಗೆ ಹೋದರೂ ಮೊದಲು ಲೀಟರ್ ಅಳತೆಗೆ ಏನಿದೆ ಅಂತ ಕೇಳುತ್ತೇನೆ. ಚೊಂಬು ತೋರಿಸುತ್ತಾರೆ, ಅದು ಒಂದೊಂದು ಮನೆಯಲ್ಲಿ ಒಂದೊಂದು ಸೈಜು. ಅಂಗಡಿಯ ಒಂದು ಲೀಟರ್ ನೀರಿನ ಬಾಟಲಿ ತೊಳೆದಿಟ್ಟುಕೊಳ್ಳಿ. ಕುದಿಸಿ ಆರಿಸಿದ ನೀರಲ್ಲಿ ಕಲಸಿ, ಟ್ಯಾಂಕರ್ ನೀರಾದರಂತೂ ಕುದಿಸಲೇಬೇಕು. 24 ಗಂಟೆ ಆದಮೇಲೆ ಉಳಿದದ್ದು ಚೆಲ್ಲಿ. ವ್ಯರ್ಥ ಅಂತ ಬೇಜಾರು ಮಾಡಿಕೊಳ್ಳಬೇಡಿ, ಪ್ಯಾಕೆಟ್ ಪಿಎಚ್‌ಸಿಯಲ್ಲಿ ಉಚಿತ. ಪ್ರತಿ ಭೇದಿ ಆದಮೇಲೆ 50ರಿಂದ 100 ಎಂಎಲ್, ಚಮಚ ಚಮಚವಾಗಿ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ.

ಇಬ್ಬರು ಮಕ್ಕಳ ಅಪ್ಪ:
ಮೆಡಿಕಲ್ ಶಾಪಲ್ಲಿ ಸಿಗೋ ಆರೆಂಜ್ ಫ್ಲೇವರ್ ಡಬ್ಬಿ ಕೊಡಬಹುದಾ? ನನ್ನ ಮಗಳು ಅದನ್ನೇ ಕುಡಿಯೋದು.

ಆಶಾ ಕಾರ್ಯಕರ್ತೆ, ಪೀಣ್ಯ ಕಡೆ:
ಫ್ಲೇವರ್ ಇದ್ದರೆ ತೊಂದರೆ ಇಲ್ಲ ಸರ್, ಒಳಗೇನಿದೆ ನೋಡಿ. ಎಷ್ಟೋ ಡಬ್ಬಿಗಳು ಬರೀ ಸಕ್ಕರೆ ಜ್ಯೂಸ್. ಸಕ್ಕರೆ ಜಾಸ್ತಿಯಾದರೆ ಭೇದಿ ಇನ್ನೂ ಹೆಚ್ಚಾಗುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿದ್ದರೆ ಮಾತ್ರ ತಗೊಳ್ಳಿ.

ಲಗ್ಗೆರೆ ಅಮ್ಮ:
ಥ್ಯಾಂಕ್ಸ್ ಅಕ್ಕ, ಮಾತ್ರೆ ಮುಂದುವರಿಸುತ್ತೇನೆ. ಊಟ ಏನು ಕೊಡಲಿ? ಆಸ್ಪತ್ರೆಗೆ ಯಾವಾಗ ಓಡಬೇಕು?

ಆಶಾ ಕಾರ್ಯಕರ್ತೆ, ಪೀಣ್ಯ ಕಡೆ:
ಎದೆಹಾಲು ಬಿಡಿಸಬೇಡಿ. ರಾಗಿ ಸರಿ, ಮೆತ್ತಗಿನ ಅನ್ನ ಬೇಳೆ, ಬಾಳೆಹಣ್ಣು ಎಲ್ಲಾ ಕೊಡಿ. ಭೇದಿಗೆ ಉಪವಾಸ ಹಾಕಿದರೆ ಮಗು ಸೊರಗುತ್ತೆ. ಇನ್ನು ಹೊಟ್ಟೆ ಮೇಲಿನ ಚರ್ಮ ಮೆಲ್ಲಗೆ ಚಿವುಟಿ ಬಿಡಿ. ತಕ್ಷಣ ಸರಿಹೋಗದೆ ಮಡಿಕೆ ಹಾಗೇ ನಿಂತರೆ, ಕಣ್ಣು ಗುಳಿಬಿದ್ದರೆ, ಮಗು ಕುಡಿಯದೆ ಮಂಕಾಗಿ ಮಲಗಿದರೆ, ಭೇದಿಯಲ್ಲಿ ರಕ್ತ ಕಂಡರೆ ತಡ ಮಾಡಬೇಡಿ. ರಾತ್ರಿಯಾದರೂ ಹೊರಡಿ, 108ಕ್ಕೆ ಫೋನ್ ಮಾಡಿ. ದಾರಿಯಲ್ಲೂ ಓಆರ್‌ಎಸ್ ಕುಡಿಸುತ್ತಲೇ ಇರಿ.